ಹೊರಸಿನ ಮೇಲೆ ಕುಳಿತ ಚಿತ್ರಗಳು

ಬೆಳಗ್ಗೆ ಎದ್ದು ಅಂಗಳ ಸಾರಿಸಿದೆ. ಎಮ್ಮೆಯ ಹಾಲು ಕಾಸಿಟ್ಟು, ಬಜಾರದಲ್ಲಿ ಸೀಮೆಎಣ್ಣೆಯ ಸಾಲಿಗೆ ನಿಂತು ಅರ್ಧ ಸೀಸೆ ತಂದೆ. ಮೆಣಸಿನಕಾಯಿ ಬಿಸಿಲಿಗೆ ಹರವಿದೆ. ಮಧ್ಯಾಹ್ನ ಮಲಗುವ ಹಳೆಯ ಹೊರಸಿನ ಸಡಿಲಾದ ನುಲಿಹಗ್ಗ ಬಿಗಿಯಲು ಕುಳಿತಾಗ, ಅದರ ಕಾಲಿನ ಮೇಲೆ ಹೆಬ್ಬೆರಳಗಲದ ನೀಲಿ ಬಣ್ಣ ಕಂಡಿತು. ಎಷ್ಟು ತೊಳೆದರೂ ಹೋಗದ ಬಣ್ಣ… ಪಕ್ಕದ ಮನೆಯ ಡ್ರಾಯಿಂಗ್ ಮಾಸ್ತರರು ಎದುರಿಗೆ ಬಂದು ಕುಳಿತಂತಾಯಿತು.

ನಾನು ಹೊಸಪೇಟೆಗೆ ಸೊಸೆಯಾಗಿ ಬಂದ ಹೊಸದರ ಮಾತು. ಮದರಾಸಿನಲ್ಲಿ ಕಲಿತು ಬಂದಿದ್ದ ಮಾಸ್ತರರು ದೇವರ ಚಿತ್ರ ಬರೆಯುತ್ತಿರಲಿಲ್ಲ. ಕಂಪ್ಲಿಯ ಹರಿಗೋಲಿನವನು, ಬುಕ್ಕಸಾಗರದ ಗದ್ದೆಯಲ್ಲಿ ನಾಟಿ ಮಾಡುವ ಹೆಂಗಸರು, ಮೊರ ಹಿಡಿದು ಜೋಳ ಹಸನು ಮಾಡುವ ನಮ್ಮತ್ತೆ, ಇಂಥವರೇ ಅವರಿಗೆ ಬೇಕು.

“ದೇವ್ರನ್ನ ಎಲ್ಲಾರೂ ಬರೀತಾರ. ನಮ್ಮನ್ ಯಾರ್ ಬರೀಬೇಕು?” ಎನ್ನುತ್ತಿದ್ದರು.

ನಮ್ಮತ್ತೆ ಖುಷಿಯಿಂದಲೇ ಕುಳಿತು ಬರೆಸಿಕೊಂಡಿದ್ದರು. ಮೂಗುತಿ ಇನ್ನೂ ಹೊಳೆಯಬೇಕೆಂದು ತಾಕೀತು ಬೇರೆ.

ಚಿತ್ರಗಳನ್ನೆಲ್ಲ ಒಮ್ಮೆ ಊರಿಗೆ ತೋರಿಸಬೇಕೆಂದು ಮಾಸ್ತರರಿಗೆ ಬಹಳ ಆಸೆಯಿತ್ತು. ಕೇಳಿ ಕೇಳಿ, ಕೊನೆಗೆ ಛತ್ರದ ಪಡಸಾಲೆ ಸಿಕ್ಕಿತು. ಹಿಂದಿನ ದಿನ ನಾನೂ ಅತ್ತೆಯೂ ಅವರಿಗೆ ಬುತ್ತಿ ಒಯ್ದೆವು. ಮಾಸ್ತರರು ಏಣಿಯ ಮೇಲಿದ್ದರು, ಬಾಯಲ್ಲಿ ಮೊಳೆ, ಕೈಯಲ್ಲಿ ಸುತ್ತಿಗೆ. ಗೋಡೆಯ ಮೇಲೆ ಆಗಲೇ ನಮ್ಮತ್ತೆ ತೂಗುತ್ತಿದ್ದರು!

ನಮ್ಮ ಕಡೆ ಗೋಡೆ ಏರುವವರು ದೇವರು, ಇಲ್ಲವೆ ಸತ್ತವರು. ಮಾಸ್ತರರು ಮದರಾಸಿನಲ್ಲಿ ಇದನ್ನು ಮರೆತೇಬಿಟ್ಟಿದ್ದರು.

“ಏನ್ರೀ ಮಾಸ್ತರ್ರ, ನಾ ಇನ್ನಾ ರೊಟ್ಟಿ ತಿನ್ನಾಕ ಹತ್ತೀನಿ. ನನ್ನ ಯಾಕ ಗ್ವಾಡಿಗೇರ್ಸೀರಿ? ಇಳಸ್ರಿ ಮೊದ್ಲು!”

ಅತ್ತೆಯ ದನಿ ಬಜಾರಕ್ಕೆ ಕೇಳಿತು. ಸಂತೆಗೆ ಬಂದಿದ್ದ ಹರಿಗೋಲಿನವನು ಓಡಿ ಬಂದ. “ನನ್ ಚಿತ್ರ ಕೊಟ್ಬಿಡ್ರಿ ಯಪ್ಪಾ. ನಾ ಗ್ವಾಡಿ ಮ್ಯಾಲ ಅದೀನಂತ ಕೇಳಿ, ನನ್ ಹೇಣ್ತಿ ಕುಂಕುಮ ಮುಟ್ಟಿಗೊಂಡು ಸಂತ್ಯಾಗ ಅಳಾಕ ಹತ್ಯಾಳ.”

ಸಂಜೆಯ ಹೊತ್ತಿಗೆ ಚಿತ್ರಗಳೆಲ್ಲ ಇಳಿದಿದ್ದವು. ಬೆಳಗಾದರೆ ಊರು ಬರಬೇಕು. ಮಾಸ್ತರರು ತಲೆಯ ಮೇಲೆ ಕೈಹೊತ್ತು ಬರಿ ಕಲ್ಲುನೆಲದಲ್ಲಿ ಕುಳಿತರು. “ಮುಗೀತ್ ಬಿಡ್ರಿ. ನಾಳೆ ಬಂದೋರಿಗೆ ಬರೀ ಗ್ವಾಡಿ ತೋರಸ್ತೀನಿ.”

ಅತ್ತೆ ಬೈಗುಳದ ದನಿಯಲ್ಲೇ, “ಕಲ್ಲಿನ್ ಮ್ಯಾಲ ಯಾಕ ಕುಂತ್ರಿ? ಥಂಡಿ ಹಿಡಿತೈತಿ. ನಮ್ ಹೊರಸರ ತರಸ್ಲೇನು?” ಎಂದರು.

ಮಾಸ್ತರರು ತಲೆಯೆತ್ತಿದರು. “ಅವ್ವಾ, ನಿಮ್ ಚಿತ್ರಾನ ಹೊರಸಿನ್ ಮ್ಯಾಲ ಕುಂದ್ರಸಿದ್ರ?”

“ಜೀವ ಇದ್ದೋರು ಕುಂದ್ರಾದು ಅಲ್ಲೇ ಅಲ್ಲೇನ್ರೀ! ಕುಂದ್ರಸ್ರಿ, ಕುಂದ್ರಸ್ರಿ.”

ಓಣಿಯ ಹೊರಸುಗಳೆಲ್ಲ ತಲೆಯ ಮೇಲೆ ಹೊರಟವು. ಒಂದೊಂದರ ಮೇಲೂ ಕೌದಿ ಹಾಸಿ, ಬೆನ್ನಿಗೆ ಲೋಡು ಕೊಟ್ಟು, ಚಿತ್ರಗಳನ್ನು ನೆಂಟರಂತೆ ಕೂರಿಸಿದೆವು. ಚಿತ್ರದಲ್ಲಿ ಅತ್ತೆಯ ಸೀರೆಯ ನೀಲಿ ಒಂದೆಡೆ ಉಜ್ಜಿಹೋಗಿತ್ತು. ಮಾಸ್ತರರು ಅಲ್ಲೇ ಬಗ್ಗಿ ತಿದ್ದಿ, ಏಳುವಾಗ ಬಣ್ಣದ ಕೈಯಲ್ಲೇ ಹೊರಸಿನ ಕಾಲು ಹಿಡಿದುಕೊಂಡರು. ಆ ಹೆಬ್ಬೆರಳೇ ಇದು.

ಮರುದಿನ ಎಂಥ ಜನ! ಅತ್ತೆ ತಮ್ಮ ಚಿತ್ರದ ಪಕ್ಕದಲ್ಲೇ ಕುಳಿತು, ಬಂದವರಿಗೆಲ್ಲ “ಮೂಗುತಿ ನೋಡ್ರಿ, ಮೂಗುತಿ” ಎನ್ನುತ್ತಿದ್ದರು. ಹರಿಗೋಲಿನವನ ಹೆಂಡತಿ ಕಣ್ಣೊರೆಸಿಕೊಂಡು ಬಂದು, ಗಂಡನನ್ನೂ ಚಿತ್ರವನ್ನೂ ನೋಡಿ, “ಇದರಾಗ ಚಂದ ಕಾಣ್ತಾನ” ಎಂದಳು. ಮಾಸ್ತರರು ನಕ್ಕಿದ್ದೇ ನಕ್ಕಿದ್ದು. ಚಿತ್ರಗಳು ಹೊರಸು ಬಿಟ್ಟು ಏಳುವವರೆಗೆ ಓಣಿಯವರೆಲ್ಲ ಚಾಪೆಯ ಮೇಲೆ ಮಲಗಿದೆವು.

ಎಷ್ಟೋ ವರ್ಷದ ಮೇಲೆ ಅತ್ತೆ ತೀರಿಕೊಂಡರು. ದಿನಕರ್ಮ ಮುಗಿದ ಮೇಲೆ ಮಾಸ್ತರರು ಸುತ್ತಿಗೆ ಹಿಡಿದು ಬಂದರು. ನಮ್ಮ ಮನೆಗೆ ಕೊಟ್ಟಿದ್ದ ಅತ್ತೆಯ ಚಿತ್ರದ ಮುಂದೆ ನಿಂತು, “ಈಗರ ಅಪ್ಪಣಿ ಐತೇನವ್ವಾ?” ಎಂದು ಕೇಳಿ, ತಾವೇ ಮೊಳೆ ಹೊಡೆದರು. ನಗುತ್ತಲೇ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ…

ಹೋದ ಬೇಸಿಗೆಯಲ್ಲಿ ಅವರೂ ಹೋದರು. ಊರನ್ನೆಲ್ಲ ಬರೆದವರ ಚಿತ್ರವನ್ನು ಯಾರೂ ಬರೆಯಲಿಲ್ಲ. ಗೋಡೆಗೆ ಹಾಕೋಣವೆಂದರೆ ಏನೂ ಇಲ್ಲ. ಇರುವುದು ಈ ನೀಲಿ ಬೆರಳಷ್ಟೇ. ಒದ್ದೆ ಬಟ್ಟೆಯಿಂದ ಹೊರಸನ್ನೆಲ್ಲ ಒರೆಸಿದೆ, ಆ ಜಾಗವೊಂದನ್ನು ಬಿಟ್ಟು.

ರಾತ್ರಿ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ಒಲೆ ಸಾರಿಸಿ ಹೊರಗೆ ಬರುವಷ್ಟರಲ್ಲಿ, ಹೊಸದಾಗಿ ನುಲಿ ಬಿಗಿದ ಹೊರಸಿನ ಮೇಲೆ ನಮ್ಮ ಮನೆಯವರಿಗೆ ಆಗಲೇ ನಿದ್ದೆ ಹತ್ತಿತ್ತು.