ಗುಂಡಿ ಹಾಕಿದ ಜೇಬು

ಹೊಲಿಗೆ ಯಂತ್ರದ ಮುಂದೆ ಹದಿನಾಲ್ಕು ವರ್ಷ ಕುಳಿತು ಬೆನ್ನು ಬಿಲ್ಲಾದ ಮೇಲೆ, ಮೂವತ್ತೇಳನೆಯ ವಯಸ್ಸಿನಲ್ಲಿ ಅವಳು ವೈರಿಂಗ್ ಕೆಲಸ ಕಲಿಯಲು ಹೊರಟಳು. ಅತ್ತೆ ಕೇಳಿದ್ದು ಒಂದೇ ಮಾತು: “ಸೂಜಿ ಚುಚ್ಚಿಸ್ಕೊಂಡಿದ್ದು ಸಾಲದೂಂತ ಕರೆಂಟ್ ಹೊಡೆಸ್ಕೊಳ್ಳೋಕೆ ಹೊರಟೆಯೇನೇ?” ಕೇಳಿದರೇ ಹೊರತು ಬೇಡವೆನ್ನಲಿಲ್ಲ. ಮರುದಿನದಿಂದ ಊಟದ ಡಬ್ಬಿ ಕಟ್ಟಿಕೊಟ್ಟವರೂ ಅವರೇ.

ಕೆಲಸ ಕಲಿಸಿದವರು ಊರಿನ ಹಳೆಯ ವೈರಿಂಗ್ ಮೇಸ್ತ್ರಿ. ಮೊದಲ ದಿನದಿಂದಲೇ ಅವರ ಬಾಯಲ್ಲಿ ಅವಳು ‘ಟೈಲರಮ್ಮ’. ಪೈಪಿನೊಳಗೆ ವೈರು ತೂರಿಸುವುದು, ತಾಮ್ರದ ಎಳೆಗಳನ್ನು ಹುರಿಮಾಡುವುದು ಅವಳಿಗೆ ನೀರು ಕುಡಿದಷ್ಟು ಸುಲಭವಾಯಿತು. ದಾರದೊಡನೆ ಬಾಳಿದ ಬೆರಳುಗಳಲ್ಲವೇ. ಮೇಸ್ತ್ರಿಯದು ಒಂದೇ ಹಟ. ಕೆಲಸಕ್ಕೆ ಮೊದಲು ಮೇನ್ ಸ್ವಿಚ್ ಆರಿಸಿದರೆ ಸಾಲದು. ಪಿಂಗಾಣಿಯ ಫ್ಯೂಸನ್ನು ಕಿತ್ತು ತನ್ನ ಜೇಬಿನಲ್ಲೇ ಇಟ್ಟುಕೊಳ್ಳಬೇಕು. “ಸ್ವಿಚ್ಚನ್ನ ಯಾರು ಬೇಕಾದ್ರೂ ಹಾಕ್ತಾರೆ. ನಿನ್ನ ಜೇಬಿಗೆ ಯಾರೂ ಕೈ ಹಾಕಲ್ಲ,” ಎನ್ನುತ್ತಿದ್ದರು. ಹೊಲಿಗೆಯವಳಿಗೆ ಜೇಬಿನ ವಿಷಯ ಎರಡು ಸಲ ಹೇಳಬೇಕೇ? ಕೆಲಸದ ಅಂಗಿಯ ಒಳಮಗ್ಗುಲಿಗೆ ಆಳವಾದ ಜೇಬೊಂದನ್ನು ಹೊಲಿದು, ಗುಂಡಿಯನ್ನೂ ಹಾಕಿಕೊಂಡಳು.

ಎರಡು ವರ್ಷ ಕಳೆದವು. ಲೈಸೆನ್ಸ್ ಪರೀಕ್ಷೆಗೆ ಕೂರಬೇಕಾದರೆ ಅವಳ ಅರ್ಜಿಗೆ ಮೇಸ್ತ್ರಿಯ ರುಜು ಬೇಕು. ಅರ್ಜಿ ಸಲ್ಲಿಸುವ ಕಡೆಯ ದಿನ ಬಂದೇಬಿಟ್ಟಿತು. ಕಚೇರಿ ಮುಚ್ಚುವುದು ಐದಕ್ಕೆ. ಅಂದು ಬೆಳಿಗ್ಗೆ ಮೇಸ್ತ್ರಿ ಅವಳನ್ನು ಒಬ್ಬ ಅಜ್ಜಿಯ ಮನೆಗೆ ಕರೆದೊಯ್ದರು. “ಅಡುಗೆಮನೆ ವೈರೆಲ್ಲ ಬದಲಾಯಿಸ್ಬೇಕು. ಒಬ್ಬಳೇ ಮಾಡು. ಮೂರು ಗಂಟೆಗೆ ಬರ್ತೀನಿ. ಎಲ್ಲ ಸರಿಯಿದ್ರೆ ರುಜು, ಇಲ್ದಿದ್ರೆ ಮುಂದಿನ ವರ್ಷ ನೋಡೋಣ.”

ಎರಡೂವರೆಗೆ ಕೆಲಸ ಮುಗಿಯಿತು. ಒಲೆಯ ಪಕ್ಕದ ಪ್ಲಗ್ಗು, ಬಾಗಿಲ ಹಿಂದಿನ ಬೋರ್ಡು, ಎಲ್ಲವೂ ಅಳತೆ ತೆಗೆದು ಹೊಲಿದಂತೆ ಕೂತಿದ್ದವು. ಮೇನ್ ಸ್ವಿಚ್ ಹಾಕಿ ಬಂದು ದೀಪದ ಸ್ವಿಚ್ ಒತ್ತಿದಳು. ದೀಪ ಕಮಕ್ ಕಿಮಕ್ ಎನ್ನಲಿಲ್ಲ.

“ಕರೆಂಟ್ ಹೋಗಿರ್ಬೇಕು, ಅಜ್ಜಿ.”

“ಪಕ್ಕದ್ಮನೆ ಟಿವಿ ನನ್ನ ಕಿವಿಗೇ ಕೇಳಿಸ್ತಿದೆ. ನಿನಗೆ ಕೇಳಿಸ್ತಿಲ್ವಾ?”

ಅವಳು ಟೆಸ್ಟರ್ ಹಿಡಿದರೆ ಎಲ್ಲಿಯೂ ಮಿಣುಕಿಲ್ಲ. ಮತ್ತೆ ಮೇನ್ ಆರಿಸಿ, ಬೋರ್ಡುಗಳ ತಿರುಪುಗಳನ್ನು ಒಂದೊಂದಾಗಿ ಬಿಚ್ಚಿ ನೋಡಿ ಬಿಗಿದಳು. ಹಾಕಿದರೆ ಅದೇ ಕತ್ತಲೆ. ಅಜ್ಜಿ ಹಿಂದೆ ಹಿಂದೆಯೇ ಬಂದರು. “ಹಜಾರದ ಫ್ಯಾನೂ ತಿರುಗ್ತಿಲ್ಲ ಕಣಮ್ಮ. ಅದಕ್ಕೇನು ಮಾಡ್ದೆ?”

“ಅದನ್ನ ನಾನು ಮುಟ್ಟೇ ಇಲ್ವಲ್ಲ, ಅಜ್ಜಿ.”

ಅಷ್ಟರಲ್ಲಿ ಹೊರಗೆ ಮೇಸ್ತ್ರಿಯ ಸೈಕಲ್ ಗಂಟೆ ಕೇಳಿಸಿತು. ಅವಳ ಬೆವರಿದ ಮುಖ ನೋಡಿ ಅವರು, “ಮೊದ್ಲು ಕೂತ್ಕೊ. ನೀರು ಕುಡಿ,” ಎಂದರು.

ಅವಳು ಕುಳಿತಳು. ಪಕ್ಕೆಗೆ ಏನೋ ಗಟ್ಟಿಯಾಗಿ ಒತ್ತಿತು. ಕೈ ಮೆಲ್ಲಗೆ ಅಂಗಿಯೊಳಗೆ ಹೋಗಿ ಗುಂಡಿ ಬಿಚ್ಚಿ, ಬಿಳಿಯ ಫ್ಯೂಸನ್ನು ಹೊರತೆಗೆಯಿತು.

“ಅದೇನಮ್ಮ, ಸೋಪನ್ನ ಜೇಬಲ್ಲಿಟ್ಕೊಂಡು ತಿರುಗ್ತೀಯಾ?” ಎಂದರು ಅಜ್ಜಿ.

ಮೇಸ್ತ್ರಿ ಕೆಮ್ಮು ಬರುವವರೆಗೆ ನಕ್ಕರು. ಅವಳು ತಲೆ ಎತ್ತಲಿಲ್ಲ. “ರುಜು ಮುಂದಿನ ವರ್ಷಾನೇ ಆಗ್ಲಿ ಬಿಡಿ, ಮೇಸ್ತ್ರಿ.”

ಅವರು ಬೋರ್ಡು ಬಿಚ್ಚಿ, ಪ್ರತಿಯೊಂದು ವೈರನ್ನೂ ಎಳೆದು ನೋಡಿದರು. ಒಂದೂ ಅಲುಗಲಿಲ್ಲ. “ನಾನು ಮೊದಲನೇ ಸಲ ಒಬ್ಬನೇ ಮಾಡ್ದಾಗ ಫ್ಯೂಸ್ ಸಮೇತ ಮನೆಗೆ ಹೋಗಿ, ಉಂಡು ಮಲಗಿಬಿಟ್ಟಿದ್ದೆ. ನೀನು ಪರವಾಗಿಲ್ಲ, ಹೊಸಿಲು ದಾಟಿಲ್ಲ. ಜೇಬಿಗೆ ಹಾಕೋದನ್ನ ಮರೆತವರಿಗೆ ಮಾತ್ರ ನಾನು ರುಜು ಹಾಕಲ್ಲ. ಹೋಗು, ಫ್ಯೂಸ್ ಹಾಕು.”

ಹಜಾರದಲ್ಲಿ ಫ್ಯಾನು ಗರಗರನೆ ತಿರುಗಿತು. ಹೊತ್ತಿಕೊಂಡ ದೀಪದ ಕೆಳಗೆ, ಒಲೆಯ ಕಟ್ಟೆಯ ಮೇಲೆಯೇ ಅರ್ಜಿಯನ್ನು ಹರಡಿ ಮೇಸ್ತ್ರಿ ರುಜು ಹಾಕಿದರು. ನಾಲ್ಕೂವರೆಗೆ ಅದು ಕಚೇರಿಯಲ್ಲಿತ್ತು. ಪರೀಕ್ಷೆಯನ್ನು ಅವಳು ಮೊದಲ ಸಲಕ್ಕೇ ಪಾಸು ಮಾಡಿದಳು.

ಈಗ ಅವಳಿಗೆ ಕೈತುಂಬ ಸ್ವಂತ ಕೆಲಸ. ಆ ಜೇಬಿಗೊಂದು ಉದ್ದನೆಯ ಕೆಂಪು ಪಟ್ಟಿ ಹೊಲಿದಿದ್ದಾಳೆ. ಒಳಗೆ ಫ್ಯೂಸ್ ಇದ್ದಷ್ಟು ಹೊತ್ತೂ ಪಟ್ಟಿ ಹೊರಗೆ ನೇತಾಡಬೇಕು. ಸಂಜೆ ಬಾಗಿಲಲ್ಲೇ ನಿಂತ ಅತ್ತೆ ಮೊದಲು ಅವಳ ಅಂಗಿಯನ್ನು ನೋಡುತ್ತಾರೆ. “ಇವತ್ತು ಯಾರ ಮನೇನೂ ಕತ್ತಲಲ್ಲಿಟ್ಟು ಬಂದಿಲ್ಲ ತಾನೇ?” ಎಂದು ಕೇಳಿದ ಮೇಲೆಯೇ ಊಟದ ಡಬ್ಬಿಗೆ ಕೈ ಚಾಚುತ್ತಾರೆ.