ಅತ್ತೆಯ ಊಟಕ್ಕೆ ಮೂರು ಊರಿನ ಕಣ್ಣು

ಮಧುಗಿರಿಯ ವೃದ್ಧಾಶ್ರಮದಲ್ಲಿ ಅತ್ತೆಯ ಕೋಣೆಗೆ ಕ್ಯಾಮೆರಾ ಹಾಕಿಸೋಣ ಎಂದು ಮೊದಲು ಹೇಳಿದವನು ನಾನು. ಅಥವಾ ಅಣ್ಣ. ಆ ಮಾತಿಗೆ ಎಲ್ಲರೂ ತಲೆದೂಗುತ್ತಿದ್ದ ದಿನಗಳಲ್ಲಿ ಅದು ನನ್ನದೇ ಎಂದು ಚೆನ್ನಾಗಿ ನೆನಪಿತ್ತು. ಈಗ ಅಣ್ಣನೇ ಇರಬೇಕು ಅನ್ನಿಸುತ್ತದೆ.

ಅತ್ತೆ ನಮ್ಮಪ್ಪನ ತಂಗಿ. ಮಕ್ಕಳಿಲ್ಲ. ಹೊಳವನಹಳ್ಳಿಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಶಿರಾದ ಅಣ್ಣ, ಪಾವಗಡದ ತಂಗಿ, ಕೊರಟಗೆರೆಯ ನಾನು ತಲಾ ಎರಡು ತಿಂಗಳು ನೋಡಿಕೊಂಡೆವು. ಆಮೇಲೆ ಮಧುಗಿರಿ ಎಲ್ಲರಿಗೂ ಹತ್ತಿರ ಎಂಬ ಸತ್ಯ ಮೂವರಿಗೂ ಒಟ್ಟಿಗೇ ಹೊಳೆಯಿತು. ಹತ್ತಿರದಲ್ಲೇ ಇದ್ದಾಳೆಂದ ಮೇಲೆ ಹೋಗದಿದ್ದರೂ ನಡೆಯುತ್ತದೆ.

ಕ್ಯಾಮೆರಾದ ಒಪ್ಪಿಗೆ ಪತ್ರಕ್ಕೆ ಅಣ್ಣ ಸಹಿ ಹಾಕಿದ. ಅತ್ತೆಯನ್ನು ಯಾರೂ ಕೇಳಲಿಲ್ಲ. ಅವಳದ್ದು ಬರೀ ಕೋಣೆ ತಾನೆ. ತಂಗಿ ಅವರೆಕಾಯಿ ಸುಲಿಯುತ್ತ ಮೊಬೈಲಿನಲ್ಲಿ ನೋಡಿದಳು. ಅಣ್ಣ ಕಚೇರಿಯ ಫೈಲಿಗೆ ಮೊಬೈಲು ಒರಗಿಸಿ ನೋಡಿದ. ನಾನು ಕಾಲೇಜಿನಲ್ಲಿ ಇತಿಹಾಸ ಹೇಳುವವನು. ಕೇಳಿದ ಮಾತೆಲ್ಲ ಆಧಾರವಾಗುವುದಿಲ್ಲ ಎಂದು ತರಗತಿಯಲ್ಲಿ ಸಾರಿ, ಸ್ಟಾಫ್ ರೂಮಿಗೆ ಬಂದು ನೋಡಿದೆ. ಅತ್ತೆ ಕಾಲು ನೀವಿಕೊಂಡಳು, ಸೆರಗು ಸರಿಮಾಡಿಕೊಂಡಳು, ತನ್ನಷ್ಟಕ್ಕೆ ಏನೋ ಗೊಣಗಿದಳು. ನಮ್ಮನ್ನು ಯಾರಾದರೂ ಹಾಗೆ ನೋಡಿದ್ದರೆ ಪೊಲೀಸರ ಹತ್ತಿರ ಹೋಗುತ್ತಿದ್ದೆವು. ಅತ್ತೆಯನ್ನು ನೋಡಿದ್ದಕ್ಕೆ ಪ್ರೀತಿ ಎಂದು ಹೆಸರಿಟ್ಟೆವು.

ಊಟದ ಹೊತ್ತಿಗೆ ಮಾತ್ರ ಬೆನ್ನು ಕಾಣುತ್ತಿತ್ತು. ತಟ್ಟೆ ಬಂದ ಕೂಡಲೇ ಅತ್ತೆ ಗೋಡೆಗೆ ಮುಖ ಮಾಡಿಬಿಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಆಯಾ ಬಂದು ತಟ್ಟೆ ಒಯ್ಯುತ್ತಿದ್ದಳು. ಅತ್ತೆ ಸಣ್ಣಗಾಗುತ್ತಿದ್ದಳು.

"ಅತ್ತೆ ಉಣ್ತಾ ಇಲ್ಲ ಕಣೋ" ಎಂದು ಅಣ್ಣ ಫೋನು ಮಾಡಿದ.

ತಕ್ಷಣ ನನಗೆ ನೆನಪಾಯಿತು. ಆಯಾ ಇಡೀ ಮುದ್ದೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದದ್ದನ್ನು ನಾನು ನೋಡಿದ್ದೆ. ಮ್ಯಾನೇಜರಿಗೆ ಹೇಳಿದೆ. ವಾರದ ಹಿಂದಿನ ದೃಶ್ಯ ತಾನಾಗಿ ಅಳಿಸಿಹೋಗುತ್ತದಂತೆ, ಹಾಗಾಗಿ ನನ್ನ ನೆನಪೇ ಸಾಕ್ಷಿ. "ನೀವು ಕಣ್ಣಾರೆ ನೋಡಿದೀರಿ ಅಂದ್ರೆ ಮುಗೀತು ಸಾರ್. ಬರೆದು ಕೊಡಿ, ಸೋಮವಾರದಿಂದ ಅವಳನ್ನ ಬರಬೇಡ ಅಂತೀನಿ" ಎಂದರು.

ಬರೆದುಕೊಡಲು ಭಾನುವಾರ ಹೋದೆ. ಆಯಾ ಪಾವಗಡದ ಆಚೆ ನಾಗಲಮಡಿಕೆ ಕಡೆಯವಳು, ಅತ್ತೆಯ ಸೊಂಟ ನೋಯದಂತೆ ಮಗ್ಗುಲು ಬದಲಿಸಲು ಬಲ್ಲವಳು ಅಲ್ಲಿ ಅವಳೊಬ್ಬಳೇ. ಬಾಗಿಲಲ್ಲೇ ಹಿಡಿದುಕೊಂಡಳು.

"ಏಂ ಸಾರ್, ಮುದ್ದೆ ಕದ್ದು ಪಾವಗಡದಾಗೆ ಬಂಗ್ಲೆ ಕಟ್ಟಿಸ್ದೆನಾ ನಾನು?"

ನಾನು ಅವಳನ್ನು ದಾಟಿ ಒಳಗೆ ಹೋದೆ. ಅತ್ತೆ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದಳು. ಮಂಚ ಸುತ್ತಿ ಬಂದು ನೋಡಿದರೆ ಮುದ್ದೆ ಮುಕ್ಕಾಲು ಮುಗಿದಿದೆ.

"ಯಾಕತ್ತೆ ಈ ಕಡೆ ತಿರುಗ್ಕಂಡಿದೀಯ?"

"ಇನ್ನೇನ್ಲಾ ಮತ್ತೆ? ಮೂರೂರ್ ಜನ ನನ್ ಬಾಯ್ ನೋಡ್ಕಂಡ್ ಕುಂತ್ರೆ ಉಂಡಿದ್ದು ಮೈಗತ್ತದಾ? ದಿಷ್ಟಿ ಕಣ್ಲಾ. ಬಾಗ್ಲಿಗೆದುರಾಗಿ ಕೂತು ಉಣ್ಣಾಕೂ ಬುಡ್ತಿರ್ಲಿಲ್ಲ ನಿಮ್ಮಜ್ಜಿ."

"ಮತ್ತೆ ಸಣ್ಣಗಾಗಿದೀಯಲ್ಲ?"

"ಅದ್ಕೇ ಹೇಳಾದು. ಗೋಡೆಗ್ ತಿರುಗುದ್ರೂ ಬುಡ್ಲಿಲ್ಲ ನಿಮ್ ಕಣ್ಣು!"

ಕೊನೆಯ ತುತ್ತನ್ನು ಅತ್ತೆ ತಿನ್ನಲಿಲ್ಲ. ಆಯಾ ಅದನ್ನು ಉಂಡೆ ಮಾಡಿ ಅತ್ತೆಯ ತಲೆಯ ಸುತ್ತ ಮೂರು ಸಲ ನಿವಾಳಿಸಿ, ಸೆರಗಿನಲ್ಲಿ ಮುಚ್ಚಿಕೊಂಡು, ಹಿತ್ತಲಿಗೆ ಹೋಗಿ ಕಾಗೆಗೆ ಎಸೆದಳು. ನಿವಾಳಿಸಿದ್ದನ್ನು ಬೇರೆಯವರು ನೋಡಬಾರದಂತೆ. ನಾನು ನೋಡಿದ್ದೆ. ನಿಂಬೆಹಣ್ಣಿನಷ್ಟು ತುತ್ತು ಕೊರಟಗೆರೆ ಸ್ಟಾಫ್ ರೂಮಿನಲ್ಲಿ ಇಡೀ ಮುದ್ದೆಯಾಗಿ ಬೆಳೆದಿತ್ತು. ನಮ್ಮ ಕಣ್ಣನ್ನು ತೆಗೆಯುತ್ತಿದ್ದವಳ ಅನ್ನವನ್ನು ನಾವು ತೆಗೆಯಲು ಹೊರಟಿದ್ದೆವು.

ಮ್ಯಾನೇಜರ ಮುಂದೆ ಕುಳಿತು, ದೂರಿನ ಬದಲು ತಪ್ಪೊಪ್ಪಿಗೆ ಬರೆದೆ.

"ಕಣ್ಣಾರೆ ನೋಡಿದ್ದೆ ಅಂದ್ರಲ್ಲ ಸಾರ್?"

"ಅಂದಿದ್ದೆ."

"ಈಗ?"

"ಈಗ ನೋಡಿಲ್ಲ."

"ಹಿಸ್ಟರಿ ಮೇಷ್ಟ್ರಲ್ವಾ ಸಾರ್ ನೀವು?" ಎಂದು ಕಾಗದವನ್ನು ಎರಡು ಸಲ ಓದಿ ಡ್ರಾಯರಿಗೆ ಹಾಕಿದರು. ಆಯಾ ಸೋಮವಾರವೂ ಕೆಲಸಕ್ಕೆ ಬಂದಳು. ನಾನು ಕ್ಷಮೆ ಕೇಳಿದೆನೆಂದು ನೆನಪು. ಕೇಳಿಲ್ಲವೆಂದು ಅವಳ ನೆನಪು. ಅವಳದೇ ಸರಿ ಇರಬೇಕು.

ಕ್ಯಾಮೆರಾ ತೆಗೆಯಲು ಅಣ್ಣ ಒಪ್ಪಲಿಲ್ಲ. ಆದ್ದರಿಂದ ಊಟದ ಹೊತ್ತಿಗೆ ಆಯಾ ಪೊರಕೆ ಹಿಡಿಯಿಂದ ಅದರ ಮೇಲೊಂದು ಟವೆಲು ಹೊದಿಸಬೇಕು, ಅತ್ತೆ ಕೈ ತೊಳೆದ ಮೇಲೆ ತೆಗೆಯಬೇಕು ಎಂದು ಏರ್ಪಾಡಾಯಿತು. ಮೂರನೇ ದಿನಕ್ಕೇ ಅಣ್ಣನ ಫೋನು.

"ಲೇ, ಮಧ್ಯಾಹ್ನ ಬರೀ ಕತ್ತಲೆ ತೋರಿಸ್ತದಲ್ಲೋ. ಒಳಗೇನ್ ನಡೀತದೆ?"

"ಊಟ."

"ನೋಡ್ದೆ ಹೆಂಗ್ ಹೇಳ್ತೀಯಾ?"

"ಹೋಗಿ ಅತ್ತೇನ ಕೇಳು."

ಅಣ್ಣ ಫೋನಿಟ್ಟ. ಶಿರಾದಿಂದ ಮಧುಗಿರಿಗೆ ಬಸ್ಸಿದೆ ಎಂಬುದು ಅವನಿಗೆ ಆಗಲೇ ಹೊಳೆದಿರಬೇಕು.

ಮುಂದಿನ ಭಾನುವಾರ ನಾನು ಮತ್ತೆ ಹೋದೆ. ಟವೆಲು ಬಿದ್ದಿತ್ತು. ಅತ್ತೆ ಈ ಸಲ ಗೋಡೆಗೆ ಬೆನ್ನು ಹಾಕಿ, ಸೊಪ್ಪಿನ ಸಾರು ಸೊರ್ರನೆ ಹೀರುತ್ತ ಉಂಡಳು. ನನ್ನನ್ನು ಮಾತ್ರ ಬಾಗಿಲಾಚೆ ಕೂರಿಸಿದ್ದಳು. ಕೊನೆಯಲ್ಲಿ ಒಳಗೆ ಕರೆದಳು. ಆಯಾ ತುತ್ತು ಹಿಡಿದು ಸುತ್ತಿಸತೊಡಗಿದಳು, ಈ ಸಲ ಮುಚ್ಚುಮರೆಯಿಲ್ಲದೆ, ಗಟ್ಟಿಯಾಗಿಯೇ.

"ನಾಯಿ ಕಣ್ಣು, ನರಿ ಕಣ್ಣು, ಶಿರಾದ್ ಕಣ್ಣು, ಪಾವಗಡದ್ ಕಣ್ಣು, ಕೊರಟಗೆರೆ ಕಾಲೇಜ್ ಕಣ್ಣು..."

"ಅದ್ನ ಎರಡ್ ಸಲ ಹೇಳಮ್ಮ" ಎಂದಳು ಅತ್ತೆ.

ಆಮೇಲೆ ಪದ್ಧತಿಯಂತೆ ತುತ್ತಿನ ಮೇಲೆ ಥೂ ಥೂ ಥೂ ಎಂದು ಮೂರು ಸಲ ಉಗಿದಳು. ಮೂರನೆಯದು ನನ್ನ ಕಡೆಗೇ ಬಂದಂತೆ ನೆನಪು. ಖಚಿತವಾಗಿ ಹೇಳಲಾರೆ. ಕ್ಯಾಮೆರಾದ ಮೇಲೆ ಟವೆಲಿತ್ತು.