ಅತ್ತೆ ಹಾನ್‌ಬೊಕ್ ಉಟ್ಟ ದಿನ

ನನ್ನ ನೆನಪಿನಲ್ಲಿ ಅತ್ತೆಯವರ ಲಂಗ ದಾಳಿಂಬೆ ಬಣ್ಣದ್ದು. ಫೋಟೋದಲ್ಲಿ ಅದು ಹಸಿರು. ದಾಳಿಂಬೆ ಬಣ್ಣದ್ದು ತನ್ನದೆಂದು ಹೆಂಡತಿ ಹೇಳುತ್ತಾಳೆ. ಅತ್ತೆಯವರನ್ನು ಕೇಳಿದರೆ ಬಣ್ಣ ಯಾವುದಾದರೇನು, ಅದರಲ್ಲಿ ಇಬ್ಬರು ಹೆಂಗಸರು ಸಂಸಾರ ಮಾಡುವಷ್ಟು ಜಾಗ ಇತ್ತು ಎನ್ನುತ್ತಾರೆ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುವಾಗ ಒಬ್ಬನೇ ಸಾಕ್ಷಿಯ ಮಾತನ್ನು ನಂಬಬಾರದೆಂದು ಕಲಿಸಿದ್ದರು. ಇಲ್ಲಿ ಆ ಒಬ್ಬ ಸಾಕ್ಷಿ ನಾನೇ ಆಗಿರುವುದರಿಂದ, ಓದುವವರು ಸ್ವಲ್ಪ ಎಚ್ಚರದಿಂದಿರುವುದು ಒಳ್ಳೆಯದು.

ನನ್ನ ಹೆಂಡತಿಗೆ ನರಸಾಪುರದ ಒಂದು ಕಾರ್ಖಾನೆಯಲ್ಲಿ ಕೆಲಸ. ಮೂರು ವಾರದ ತರಬೇತಿಗೆಂದು ಅವಳನ್ನು ಸಿಯೋಲ್‌ಗೆ ಕಳಿಸಿದ್ದರು. ಕೊನೆಯ ವಾರ ಅಲ್ಲಿ ಸುಗ್ಗಿ ಹಬ್ಬದ ರಜೆ ಬರುತ್ತದೆ, ಅಮ್ಮನನ್ನು ಕರೆದುಕೊಂಡು ಬಾ ಎಂದು ಫೋನು ಮಾಡಿದಳು. ಅವಳಿಗೆ ಪೂರ್ತಿ ಬಿಡುವು ಸಿಗುತ್ತಿದ್ದದ್ದು ಒಂದೇ ಒಂದು ದಿನ. ಆ ದಿನ ತಾನೂ ಅಮ್ಮನೂ ಅಲ್ಲಿಯ ಸಾಂಪ್ರದಾಯಿಕ ಉಡುಪಾದ ಹಾನ್‌ಬೊಕ್ ಉಟ್ಟು ಅರಮನೆಯಲ್ಲಿ ಓಡಾಡಬೇಕೆನ್ನುವುದು ಅವಳ ಆಸೆ. ಬಾಡಿಗೆ ಅಂಗಡಿಯನ್ನು ಮೊದಲ ವಾರದಲ್ಲೇ ನೋಡಿಟ್ಟುಕೊಂಡಿದ್ದಳು.

ಅತ್ತೆಯವರ ಊರು ದೇವರಾಯಸಮುದ್ರದ ಪಕ್ಕ. ವೀಸಾ ಬಂದ ಸುದ್ದಿ ಕೇಳಿದ್ದೇ ತಡ, ಹರಕೆ ಬಾಕಿ ಇಟ್ಟುಕೊಂಡು ಸಮುದ್ರ ದಾಟಬಾರದು ಎಂದು ಮುಳಬಾಗಿಲಿನಲ್ಲಿ ಬಸ್ಸು ಹತ್ತಿ ತಿರುಪತಿಗೆ ಹೋಗಿ ಮುಡಿ ಕೊಟ್ಟು ಬಂದರು. ನುಣ್ಣಗಿನ ತಲೆ, ಅದರ ಮೇಲೆ ಗಂಧ. ನಮ್ಮ ಕಡೆ ಅದೊಂದು ಸುದ್ದಿಯೇ ಅಲ್ಲ. ಮುಳಬಾಗಿಲಿನ ಬಸ್‌ಸ್ಟ್ಯಾಂಡಿನಲ್ಲಿ ಯಾವ ಹೊತ್ತಿಗೆ ನಿಂತರೂ ಅಂಥ ನಾಲ್ಕು ತಲೆಗಳು ಕಾಣುತ್ತವೆ. ಲಡ್ಡು ಎಲ್ಲಿ ಎಂದು ಕೇಳುತ್ತಾರೆಯೇ ಹೊರತು ಕೂದಲು ಎಲ್ಲಿ ಎಂದು ಯಾರೂ ಕೇಳುವುದಿಲ್ಲ.

ಸಿಯೋಲ್‌ನಲ್ಲಿ ಕೇಳಿದರು. ಬಾಯಿಂದಲ್ಲ, ಕಣ್ಣಿನಿಂದ. ಮೆಟ್ರೋದಲ್ಲಿ ಅತ್ತೆಯವರು ಹತ್ತಿದ ಕೂಡಲೇ ಮೂವರು ಒಟ್ಟಿಗೆ ಎದ್ದು ಜಾಗ ಬಿಟ್ಟರು. ವಸತಿಗೃಹದ ಯಜಮಾನಿ ನಾವು ಕೇಳದೆಯೇ ಬಿಸಿ ಗಂಜಿ ತಂದು ಎರಡೂ ಕೈಯಿಂದ ಅತ್ತೆಯವರ ಮುಂದಿಟ್ಟಳು. ಇಲ್ಲಿಯ ಜನ ಎಷ್ಟು ಒಳ್ಳೆಯವರಪ್ಪಾ ಎಂದು ಅತ್ತೆಯವರು ಹಿಗ್ಗುತ್ತಿರುವಾಗ ಆಕೆ ಫೋನಿನಲ್ಲಿ ಏನೋ ಮಾತಾಡಿದಳು. ಫೋನು ಅದನ್ನು ಇಂಗ್ಲಿಷಿಗೆ ತಿರುಗಿಸಿತು. ಕ್ಯಾನ್ಸರಿನ ಚಿಕಿತ್ಸೆ ಎಲ್ಲಿ ನಡೆಯುತ್ತಿದೆ, ಎಷ್ಟು ಸಲ ಆಗಿದೆ ಎಂದು ಪ್ರಶ್ನೆ. ನಾನು ಅದನ್ನು ಅತ್ತೆಯವರಿಗೆ ಹೇಳಬಾರದಿತ್ತು. ಹೇಳಿಬಿಟ್ಟೆ. ನಾನಲ್ಲ, ನನ್ನ ಹೆಂಡತಿ ಹೇಳಿದ್ದು ಎಂದು ನಾನು ಬಹಳ ದಿನ ನಂಬಿದ್ದೆ, ಆದರೆ ಆಗ ಅವಳು ತರಬೇತಿಯಲ್ಲಿದ್ದಳು.

ಅತ್ತೆಯವರು ಸೆರಗನ್ನು ಹಣೆಯವರೆಗೆ ಎಳೆದುಕೊಂಡವರು ಮಾರನೆಯ ದಿನ ಕೋಣೆ ಬಿಟ್ಟು ಕದಲಲಿಲ್ಲ. ಅದರ ಮಾರನೆಯ ದಿನ ನನ್ನ ಹೆಂಡತಿಯ ರಜೆ. ಬೆಳಿಗ್ಗೆಯೇ ಬಂದು ಮಂಚದ ಅಂಚಿನಲ್ಲಿ ಕುಳಿತು ಅಮ್ಮನನ್ನು ಗೋಗರೆದಳು.

"ನೀವಿಬ್ರೂ ಹೋಗ್ಬನ್ನಿ ಕಣೇ. ನಾನು ಬಂದ್ರೆ ಊರೆಲ್ಲಾ ನನ್ನ ನೋಡಿ ಅಯ್ಯೋ ಅಂತೈತೆ. ದೇವ್ರಿಗೆ ಕೊಟ್ಟಿದ್ದಕ್ಕೆ ಅಯ್ಯೋ ಅನ್ನಿಸ್ಕೊಂಡು ಯಾಕೆ ತಿರುಗ್ಲಿ?"

"ಇಡೀ ಮೂರು ವಾರದಲ್ಲಿ ಇದೊಂದೇ ದಿನ ಅಮ್ಮಾ ನಂಗೆ."

ಅಂಗಡಿಯವರೆಗೆ ಮಾತ್ರ ಬರುತ್ತೇನೆ, ನೀನು ಉಟ್ಟುಕೊಂಡದ್ದನ್ನು ನೋಡಿ ವಾಪಸು ಬರುತ್ತೇನೆ ಎನ್ನುವ ಒಪ್ಪಂದಕ್ಕೆ ಅತ್ತೆಯವರು ಬಂದರು.

ಅಂಗಡಿಯೆಂದರೆ ಮೂರು ಮಹಡಿ ಬಟ್ಟೆ. ನನ್ನನ್ನು ಮೊದಲು ಹಿಡಿದರು. ಗೋಣಿಚೀಲದಂತೆ ಊದಿದ ಪೈಜಾಮ, ಮೇಲೊಂದು ನಿಲುವಂಗಿ, ತಲೆಗೆ ಕಪ್ಪು ಜಾಲರಿಯ ಟೋಪಿ. ಟೋಪಿ ತಲೆಗೆ ಇಳಿಯದೆ ನೆತ್ತಿಯ ಮೇಲೆ ಕುಳಿತಿತ್ತು. ಬಟ್ಟೆಗೆ ಜಿಪ್ಪು ಇರುವುದನ್ನು ಕಂಡು, ರಾಜರ ಕಾಲದಲ್ಲಿ ಜಿಪ್ಪು ಇರಲಿಲ್ಲ, ಇದನ್ನು ಸಾಂಪ್ರದಾಯಿಕ ಎನ್ನುವುದು ಎಷ್ಟು ಸರಿ ಎಂದು ನಾನು ಶುರು ಮಾಡಿದೆ. ನೆಟ್ಟಗೆ ನಿಲ್ಲಿ, ಬಾಲವಾಡಿಯ ಛದ್ಮವೇಷದ ಮಗುವಿನ ಥರ ಆಡಬೇಡಿ ಎಂದು ಹೆಂಡತಿ ಬಾಯಿ ಮುಚ್ಚಿಸಿದಳು. ಅವಳೂ ಉಟ್ಟುಕೊಂಡು ಬಂದು ಒಂದು ಸುತ್ತು ತಿರುಗಿದಳು. ಎದೆಯಿಂದಲೇ ಶುರುವಾಗುವ ಲಂಗ ಗಾಳಿ ತುಂಬಿಕೊಂಡು ಮೇಲೆದ್ದಿತು. ಅತ್ತೆಯವರು ಕೂತಲ್ಲಿಂದಲೇ ಆ ಬಟ್ಟೆಯ ಅಂಚು ಹಿಡಿದು ನೋಡಿದರು, ಬಿಡಲಿಲ್ಲ. ಆಸೆ ಇತ್ತು. ಆದರೆ ಆ ಉಡುಪಿಗೆ ಸೆರಗಿರಲಿಲ್ಲ.

ಅಂಗಡಿಯ ಹೆಂಗಸಿಗೆ ನಮ್ಮ ಸಮಸ್ಯೆ ಹೇಗೆ ತಿಳಿಯಿತೋ ಗೊತ್ತಿಲ್ಲ. ಫೋನು ಹೇಳಿತೋ, ಅತ್ತೆಯವರ ಕೈ ಪದೇ ಪದೇ ಹಣೆಗೆ ಹೋಗುವುದನ್ನು ಅವಳೇ ಕಂಡಳೋ. ಒಳಗಿನಿಂದ ಇನ್ನೊಂದು ನಿಲುವಂಗಿ ತಂದಳು. ಅದನ್ನು ತೋಳಿಗೆ ತೊಡುವುದಲ್ಲ, ತಲೆಯ ಮೇಲಿಂದ ಹೊದ್ದು ಗಲ್ಲದ ಕೆಳಗೆ ಕೈಯಿಂದ ಹಿಡಿದುಕೊಳ್ಳುವುದು. ಹಿಂದಿನ ಕಾಲದಲ್ಲಿ ಗೌರವಸ್ಥ ಮನೆಯ ಹೆಂಗಸರು ಹೀಗೆಯೇ ಹೊರಗೆ ಹೋಗುತ್ತಿದ್ದರಂತೆ. ವ್ಯಾಪಾರದ ಮಾತಿರಬಹುದೆಂದು ನಾನು ಅನುಮಾನಪಟ್ಟೆ. ಆಮೇಲೆ ಓದಿ ನೋಡಿದೆ, ನಿಜ.

ಅತ್ತೆಯವರು ಲಂಗವನ್ನೂ ಉಟ್ಟು, ಅದನ್ನು ಹೊದ್ದು ಕನ್ನಡಿಯ ಮುಂದೆ ಬಹಳ ಹೊತ್ತು ನಿಂತರು. "ಇವ್ರಲ್ಲೂ ಸೆರಗೈತೆ ಕಣೇ" ಎಂದರು. ಕೊರಿಯಾ ದೇಶ ಅವರಿಗೆ ಇಷ್ಟವಾದದ್ದು ಆ ಕ್ಷಣದಿಂದ.

ಆಮೇಲಿನ ಒಂದು ಗಂಟೆ ನಮಗೆ ಮೂವರಿಗೂ ಹುಚ್ಚು ಹಿಡಿದಿತ್ತು ಎನ್ನಬಹುದು. ಉಡುಪು ಉಟ್ಟವರಿಗೆ ಅರಮನೆಗೆ ಟಿಕೆಟ್ಟಿಲ್ಲ. ಬಾಗಿಲಲ್ಲಿ ಯಾರೂ ತಡೆಯದೆ ಹೋದಾಗ ಅತ್ತೆಯವರ ನಡಿಗೆಯೇ ಬದಲಾಯಿತು. ಯಾರೋ ಪ್ರವಾಸಿಗಳು ಫೋಟೋ ಕೇಳಿದರೆ ನಿಂತರು, ಕೇಳದವರಿಗೂ ನಿಂತರು. ಹೆಂಡತಿ ಅಂಗಳದ ಕಲ್ಲುಹಾಸಿನ ಮೇಲೆ ಲಂಗ ಎತ್ತಿ ಓಡಿದಳು. ಟೋಪಿ ಹಿಡಿದುಕೊಂಡು ನಾನೂ ಓಡಿದೆ, ಯಾಕೆಂದು ಈಗ ಹೇಳಲಾರೆ. ಆದರೆ ಅತ್ತೆಯವರ ಎಡಗೈ ಮಾತ್ರ ಗಲ್ಲದ ಕೆಳಗಿನಿಂದ ಅಲುಗಲಿಲ್ಲ. ನೀರು ಕುಡಿಯುವಾಗಲೂ, ಮಗಳು ಹೆಗಲ ಮೇಲೆ ಕೈ ಹಾಕಿದಾಗಲೂ ಬಟ್ಟೆಯನ್ನು ಬಿಗಿಯಾಗಿ ಹಿಡಿದೇ ಇದ್ದರು. ತೆಗೆದ ಒಂದು ಫೋಟೋದಲ್ಲೂ ಮುಖ ಪೂರ್ತಿ ಕಾಣುತ್ತಿರಲಿಲ್ಲ. ಒಂದೇ ಒಂದು, ಒಂದೇ ಒಂದು ಸಲ ಕೈ ಬಿಡು ಎಂದು ಮಗಳು ಕೇಳಿದರೆ ಒಲ್ಲೆನೆಂದು ತಲೆಯಾಡಿಸಿಬಿಟ್ಟರು. ಅವಳು ಫೋನನ್ನು ಚೀಲದೊಳಗಿಟ್ಟಳು.

ಒಳಗಿನ ಅಂಗಳದಲ್ಲಿ ಹಬ್ಬದ ಆಟಗಳನ್ನು ಇಟ್ಟಿದ್ದರು. ಒಂದು ಚಾಪೆಯ ಮೇಲೆ ಬೂದುನೀಲಿ ಹಾನ್‌ಬೊಕ್ ಉಟ್ಟ ಅಜ್ಜಿಯೊಬ್ಬರು ಒಬ್ಬರೇ ಕುಳಿತು ಆಡಲು ಜನ ಹುಡುಕುತ್ತಿದ್ದರು. ಅವರ ಮುಂದೆ ನಾಲ್ಕು ಮರದ ಕಡ್ಡಿ. ಪ್ರತಿ ಕಡ್ಡಿಯೂ ಒಂದು ಕಡೆ ಉಬ್ಬು, ಒಂದು ಕಡೆ ಚಪ್ಪಟೆ. ಪಕ್ಕದಲ್ಲಿ ಗೆರೆ ಎಳೆದ ಬಟ್ಟೆ, ಕಾಯಿಗಳು. ಅತ್ತೆಯವರು ನಿಂತರು.

"ಇದು ಚೌಕಾಬಾರ ಅಲ್ವೇನೇ?"

ಅಲ್ಲ ಎಂದು ಹೇಳುವ ಪಾಂಡಿತ್ಯ ನನಗಿತ್ತು, ಅವಕಾಶ ಸಿಗಲಿಲ್ಲ. ಹುಣಿಸೆ ಬೀಜವನ್ನು ಕಲ್ಲಿಗೆ ಉಜ್ಜಿ, ಎರಡು ಹೋಳು ಮಾಡಿ, ನಾಲ್ಕು ಹೋಳು ಎಸೆದು ಆಡಿ ಬೆಳೆದವರು ಅವರು. ಎಷ್ಟು ಬೀಜ ಬಿಳಿ ಬಿದ್ದರೆ ಅಷ್ಟು ಮನೆ. ಇಲ್ಲಿ ಎಷ್ಟು ಕಡ್ಡಿ ಚಪ್ಪಟೆ ಕಡೆ ಮೇಲಾಗಿ ಬಿದ್ದರೆ ಅಷ್ಟು. ಎದುರಾಳಿಯ ಕಾಯಿ ಹೊಡೆದರೆ ಅಲ್ಲೂ ಇನ್ನೊಂದು ಗರ, ಇಲ್ಲೂ ಇನ್ನೊಂದು ಗರ. ಎರಡು ಸುತ್ತು ನೋಡಿದ್ದೇ ಅತ್ತೆಯವರು ಚಾಪೆಯ ಮೇಲೆ ಕುಳಿತರು. ಒಂದೇ ಕೈಯಲ್ಲಿ ಎಸೆದರು. ಕಡ್ಡಿಗಳು ದಪ್ಪ, ಒಂದು ಕೈಗೆ ಸಿಗದೆ ಜಾರಿದವು. ಅಜ್ಜಿ ಅತ್ತೆಯವರ ಒಂದು ಕಾಯಿ ಹೊಡೆದು ನಕ್ಕರು. ಇನ್ನೊಂದನ್ನೂ ಹೊಡೆದರು.

ಮೂರನೆಯ ಸಲ ಅತ್ತೆಯವರು ಎರಡೂ ಕೈಯಿಂದ ಎಸೆದರು. ನಾಲ್ಕು ಕಡ್ಡಿಯೂ ಉಬ್ಬು ಮೇಲೆ.

"ಎನಿಮಿದಿ!"

ಆಟದಲ್ಲಿ ಅವರು ಎಣಿಸುವುದು ಯಾವಾಗಲೂ ತೆಲುಗಿನಲ್ಲಿ. ನಾಲ್ಕು ಬೀಜವೂ ಕಪ್ಪು ಬಿದ್ದರೆ ಎಂಟು, ಅದು ಚೌಕಾಬಾರದ ಕಾನೂನು. ಎಂಟು ಮನೆ ನಡೆಸಿ ಅಜ್ಜಿಯ ಕಾಯಿಯನ್ನು ಹೊಡೆದು ಚಾಪೆಯಾಚೆ ಇಟ್ಟರು. ಅಜ್ಜಿ ಐದು ಬೆರಳು ತೋರಿಸಿದರು. ಇವರು ಎಂಟು ತೋರಿಸಿದರು. ಅಜ್ಜಿ ತಮ್ಮ ಕಾಯಿಯನ್ನು ವಾಪಸು ಅದರ ಮನೆಯಲ್ಲಿಟ್ಟರು. ಇವರು ಮತ್ತೆ ಎತ್ತಿದರು.

"ನಾಲ್ಕೂ ಬೋರಲು ಬಿದ್ರೆ ಐದು ಅಂತ ಯಾವ ಊರಲ್ಲಿ ಐತಮ್ಮಾ? ಎಂಟು ಅಂದ್ರೆ ಎಂಟೇ!"

ಅಜ್ಜಿಯೂ ಅಷ್ಟೇ ಉದ್ದದ ಉತ್ತರ ಕೊಟ್ಟರು, ತಮ್ಮ ಭಾಷೆಯಲ್ಲಿ, ಮಂಡಿಯ ಮೇಲೆ ಎದ್ದು, ಬೆರಳನ್ನು ಅತ್ತೆಯವರ ಮೂಗಿನವರೆಗೆ ತಂದು. ನಾನು ಫೋನು ತೆಗೆದು ನಡುವೆ ಹಿಡಿದರೆ ಇಬ್ಬರೂ ಒಟ್ಟಿಗೆ ಅದನ್ನು ತಳ್ಳಿದರು. ಅಷ್ಟರಲ್ಲಿ ಆ ನಿಲುವಂಗಿ ಚಾಪೆಯ ಮೇಲೆ ಬಿದ್ದಿತ್ತು. ಜಾರಿತೋ, ಅತ್ತೆಯವರೇ ಕಿತ್ತು ಎಸೆದರೋ? ಎಸೆದದ್ದನ್ನು ನಾನು ಕಣ್ಣಾರೆ ಕಂಡೆ ಎನ್ನುತ್ತೇನೆ. ಕಡ್ಡಿ ಎಸೆಯುವಾಗಲೇ ಜಾರಿತ್ತು, ಆಗ ನೀವು ನಿಮ್ಮ ಟೋಪಿ ಸರಿಮಾಡಿಕೊಳ್ಳುತ್ತಿದ್ದಿರಿ ಎನ್ನುತ್ತಾಳೆ ಹೆಂಡತಿ. ಅತ್ತೆಯವರಿಗೆ ನಿಲುವಂಗಿಯ ನೆನಪೇ ಇಲ್ಲ, ಎಂಟು ಮಾತ್ರ ನೆನಪಿದೆ.

ನುಣ್ಣಗಿನ ತಲೆ ಬಿಸಿಲಿಗೆ ಹೊಳೆಯುತ್ತಿತ್ತು. ಅಜ್ಜಿಗೆ ಅದು ಖಂಡಿತ ಕಂಡಿತು, ಒಂದು ಕ್ಷಣ ಅತ್ತ ನೋಡಿದರು. ಆಮೇಲೆ ಐದು ಬೆರಳನ್ನು ಇನ್ನೂ ಹತ್ತಿರ ತಂದು ಇನ್ನೂ ಜೋರಾಗಿ ಜಗಳ ಮುಂದುವರಿಸಿದರು. ಆ ಊರಲ್ಲಿ ಅತ್ತೆಯವರಿಗೆ ಅಯ್ಯೋ ಎನ್ನದೆ ಮೋಸಗಾತಿ ಎಂದ ಮೊದಲ ಮನುಷ್ಯರು ಅವರು. ಅಂದದ್ದು ಅದೇ ಎಂದು ನಾನು ಹೇಗೆ ಬಲ್ಲೆ? ಆ ಸ್ವರಕ್ಕೆ ಅನುವಾದ ಬೇಕಿರಲಿಲ್ಲ.

ನನ್ನ ಹೆಂಡತಿ ಆ ಹೊತ್ತಿಗೆ ಫೋಟೋ ತೆಗೆದಿದ್ದಳು. ತಾನು ಪಕ್ಕದಲ್ಲಿ ಕುಳಿತು, ಫೋನನ್ನು ನನ್ನ ಕೈಗೆ ತುರುಕಿ ಇನ್ನೊಂದು ತೆಗೆಸಿದಳು. ಅದರಲ್ಲಿ ಅತ್ತೆಯವರು ಬೋಳುತಲೆಯಲ್ಲಿ, ಬಾಯಿ ತೆರೆದು, ಎರಡೂ ಕೈಯಲ್ಲಿ ನಾಲ್ಕು ನಾಲ್ಕು ಬೆರಳು ಚಾಚಿ ಕುಳಿತಿದ್ದಾರೆ. ಮಗಳು ಅವರ ಹೆಗಲಿಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದಾಳೆ.

ಕೊನೆಗೆ ಆರೂವರೆ ಎಂದು ರಾಜಿಯಾಯಿತೆಂದು ನಾನು ಊರಲ್ಲಿ ಹೇಳಿಕೊಂಡು ತಿರುಗಿದ್ದೇನೆ, ಅದು ಸುಳ್ಳಿರಬಹುದು. ನಿಜವಾಗಿ ಅಜ್ಜಿಯೇ ಸೋತು ಕೈಮುಗಿದರೆಂದು ಅತ್ತೆಯವರ ವಾದ. ಆದರೆ ಆ ಆಟ ಮುಗಿದ ಮೇಲೆ ಇನ್ನೊಂದು ಶುರುವಾಯಿತು, ಅಮ್ಮ ಮಗಳು ಒಂದು ಪಕ್ಷ, ಅಜ್ಜಿಯೂ ನಾನೂ ಇನ್ನೊಂದು ಪಕ್ಷ, ನಿಲುವಂಗಿ ಮಡಚಿ ನನ್ನ ತೊಡೆಯ ಮೇಲೆ. ಇಷ್ಟರಲ್ಲಿ ಯಾರಿಗೂ ತಕರಾರಿಲ್ಲ. ಅರಮನೆಯ ಒಳಗೇನಿತ್ತೆಂದು ಯಾರಾದರೂ ಕೇಳಿದರೆ ನಾವು ಮೂವರೂ ಮುಖ ಮುಖ ನೋಡಿಕೊಳ್ಳುತ್ತೇವೆ.